32 ಆಫೀಸ್ ಕಂಪ್ಯೂಟರ್, ಒಂದೇ ಇಮೇಜ್: ಲೈಸೆನ್ಸ್ ತಪ್ಪದ ಹಾಗೆ ಮಾಡೋದು ಹೇಗೆ?

ಹೊಸಕಡತ

ಒಟ್ಟು 32 ಕಂಪ್ಯೂಟರ್. ಒಂದೇ ಮಾಡೆಲ್‌ನ 18 ಡೆಸ್ಕ್‌ಟಾಪ್, ಇನ್ನೊಂದು ಕಂಪನಿಯ 9 ಲ್ಯಾಪ್‌ಟಾಪ್. ಈ 27ರಲ್ಲೂ ಕೊಳ್ಳುವಾಗಲೇ ವಿಂಡೋಸ್ 11 ಪ್ರೊ ಇತ್ತು. ಉಳಿದ 5 ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ಹೋಮ್. ಎಲ್ಲ ಕಂಪ್ಯೂಟರ್, ಖಾತೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಡೊಮೈನ್ ಸರ್ವರ್ ಒಂದಿದೆ. 20 ಜನಕ್ಕೆ ಮೈಕ್ರೋಸಾಫ್ಟ್ 365 ಚಂದಾ ಇದೆ. ಉಳಿದ 12 ಮಷಿನ್‌ಗಳಲ್ಲಿ ಬಿಡಿಬಿಡಿಯಾಗಿ ಕೊಂಡ ಆಫೀಸ್ ಹೋಮ್ ಅಂಡ್ ಬಿಸಿನೆಸ್.

ಎಲ್ಲವನ್ನೂ ಅಳಿಸಿ ಒಂದೇ ಹದಕ್ಕೆ ತರಬೇಕು. ಒಂದು ಡೆಸ್ಕ್‌ಟಾಪನ್ನು ಪೂರ್ತಿ ಸಜ್ಜು ಮಾಡಿ, ಡಿಸ್ಕ್ ನಕಲಿಸುವ ಉಪಕರಣ ಕ್ಲೋನ್‌ಝಿಲ್ಲಾದಲ್ಲಿ ಇಮೇಜ್ (ಡಿಸ್ಕಿನಲ್ಲಿರುವ ಎಲ್ಲದರ ಪ್ರತಿ) ತೆಗೆದು, ಉಳಿದ 31ಕ್ಕೂ ಅದನ್ನೇ ಇಳಿಸುವ ಯೋಚನೆ. ಪ್ರತಿ ಮಷಿನ್‌ಗೂ ಅದರದೇ ಲೈಸೆನ್ಸನ್ನು ದುಡ್ಡು ಕೊಟ್ಟೇ ಕೊಂಡಿರುವಾಗ, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಹಾಕಿದರೆ ತಪ್ಪಾಗುತ್ತದೆಯೇ? ತಾಂತ್ರಿಕವಾಗಿ ಎಲ್ಲೆಲ್ಲಿ ಕೈಕೊಡಬಹುದು?

ಕೀಲಿಗೊಂಚಲು

ತಪ್ಪಾಗುತ್ತದೆ. ಬಹಳ ಜನ ಎಡವುವ ಜಾಗ ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರ್ ಜೊತೆ ಬಂದ ವಿಂಡೋಸ್‌ನದು ಓಇಎಂ ಲೈಸೆನ್ಸ್, ಅಂದರೆ ತಯಾರಕರು ಮಷಿನ್‌ಗೆ ಸೇರಿಸಿಯೇ ಮಾರಿದ ಲೈಸೆನ್ಸ್. ಆ ಮಷಿನ್‌ನಲ್ಲಿ ವಿಂಡೋಸ್ ಓಡಿಸುವ ಹಕ್ಕನ್ನು ಅದು ಕೊಡುತ್ತದೆ. ಏನಾದರೂ ಕೆಟ್ಟರೆ ತಯಾರಕರು ಕೊಟ್ಟ ರಿಕವರಿಯಿಂದ ಅದೇ ಮಷಿನ್‌ಗೆ ಮತ್ತೆ ಹಾಕಿಕೊಳ್ಳಬಹುದು. ಆದರೆ ಆ ಓಇಎಂ ಪ್ರತಿಯಿಂದ ಇಮೇಜ್ ತೆಗೆದು ಬೇರೆ ಮಷಿನ್‌ಗೆ ಹಾಕುವ ಹಕ್ಕು ಕೊಂಡವರಿಗೆ ಬರುವುದಿಲ್ಲ. 18 ಡೆಸ್ಕ್‌ಟಾಪೂ ಒಂದೇ ಮಾಡೆಲ್ ಆಗಿದ್ದರೂ ಅಷ್ಟೇ, 18ಕ್ಕೂ ಲೈಸೆನ್ಸ್ ಇದ್ದರೂ ಅಷ್ಟೇ.

ಇದಕ್ಕೆ ಮೈಕ್ರೋಸಾಫ್ಟೇ ಇಟ್ಟಿರುವ ದಾರಿಯ ಹೆಸರು ರೀಇಮೇಜಿಂಗ್ ಹಕ್ಕು. ವಾಲ್ಯೂಮ್ ಲೈಸೆನ್ಸಿಂಗ್ (ಸಂಸ್ಥೆಗಳಿಗೆ ಸಗಟಾಗಿ ಲೈಸೆನ್ಸ್ ಕೊಡುವ ಕ್ರಮ) ಒಪ್ಪಂದದಲ್ಲಿ ಅದೇ ಪ್ರಾಡಕ್ಟಿನ ಒಂದು ಲೈಸೆನ್ಸ್ ಕೊಂಡರೆ ಸಾಕು. ಅದರ ಮೂಲಕ ಸಿಗುವ ವಾಲ್ಯೂಮ್ ಮೀಡಿಯಾ (ಇನ್‌ಸ್ಟಾಲ್ ಕಡತ) ಮತ್ತು ವಾಲ್ಯೂಮ್ ಕೀಲಿಯಿಂದ ಇಮೇಜ್ ಕಟ್ಟಿ, ಆಗಲೇ ಓಇಎಂ ಅಥವಾ ರೀಟೇಲ್ ಲೈಸೆನ್ಸ್ ಇರುವ ಎಲ್ಲ ಮಷಿನ್‌ಗೂ ಹಾಕಬಹುದು. 32 ಮಷಿನ್‌ಗೆ 32 ವಾಲ್ಯೂಮ್ ಲೈಸೆನ್ಸ್ ಬೇಕಿಲ್ಲ. ಷರತ್ತು ಮೂರು: ಪ್ರಾಡಕ್ಟ್, ಆವೃತ್ತಿ, ಎಡಿಷನ್ ಒಂದೇ ಇರಬೇಕು, ಭಾಷೆ ಒಂದೇ ಇರಬೇಕು, ಇಮೇಜ್ ವಾಲ್ಯೂಮ್ ಮೀಡಿಯಾದಿಂದಲೇ ಕಟ್ಟಿದ್ದಾಗಿರಬೇಕು. ಪ್ರೊ ಇರುವ ಮಷಿನ್‌ಗೆ ಪ್ರೊ ಸರಿ, ಎಂಟರ್‌ಪ್ರೈಸ್ ಸಲ್ಲದು. ಒಪ್ಪಂದದ ಬಗೆಗೆ ತಕ್ಕಂತೆ ಮೊದಲ ಆರ್ಡರ್‌ಗೆ ಕನಿಷ್ಠ ಎಣಿಕೆ ಇರುತ್ತದೆ, ಅದನ್ನು ಮಾರಾಟಗಾರರ ಹತ್ತಿರ ಮೊದಲೇ ಕೇಳಿ.

ಆ 5 ಹೋಮ್ ಮಷಿನ್‌ಗಳು ಈ ಲೆಕ್ಕದಿಂದ ಹೊರಗೆ. ವಾಲ್ಯೂಮ್‌ನಲ್ಲಿ ಹೋಮ್ ಎಂಬ ಎಡಿಷನ್ನೇ ಇಲ್ಲ. ಪ್ರೊ ಇಮೇಜ್ ಹಾಕಿದರೆ ಲೈಸೆನ್ಸ್ ಇಲ್ಲದ ಪ್ರೊ ಓಡಿಸಿದಂತಾಯಿತು. ಮೊದಲು ಆ ಐದಕ್ಕೂ ಹೋಮ್‌ನಿಂದ ಪ್ರೊಗೆ ಏರುವ ಲೈಸೆನ್ಸ್ ಕೊಂಡು, ಈಗಿರುವ ವಿಂಡೋಸ್‌ನಲ್ಲೇ ಆಕ್ಟಿವೇಟ್ ಮಾಡಿ, ರಸೀದಿ ಎತ್ತಿಟ್ಟುಕೊಂಡು ಆಮೇಲೆ ಇಮೇಜ್ ಸಾಲಿಗೆ ಸೇರಿಸಿ.

ಬೂಟ್‌ಮೆನು

ಒಂದು ತಕರಾರು. ವಿಂಡೋಸ್ 8 ಬಂದಾಗಿನಿಂದ ಕೀಲಿ ಮದರ್‌ಬೋರ್ಡ್ ಫರ್ಮ್‌ವೇರ್‌ನಲ್ಲೇ ಕೂತಿರತ್ತೆ. ಯಾವ ಇಮೇಜ್ ಹಾಕಿದ್ರೂ ಇಂಟರ್ನೆಟ್ ಸಿಕ್ಕ ತಕ್ಷಣ ಆಕ್ಟಿವೇಟ್ ಆಗತ್ತೆ. ಆಕ್ಟಿವೇಟ್ ಆಗ್ತಾ ಇದೆ ಅಂದ್ರೆ ಲೈಸೆನ್ಸ್ ಇದೆ ಅಂತಲೇ ಅಲ್ವಾ? ಇನ್ನೊಂದು ವಾಲ್ಯೂಮ್ ಲೈಸೆನ್ಸ್ ಯಾಕೆ?

ಕೀಲಿಗೊಂಚಲು

ಆಕ್ಟಿವೇಷನ್ ಎನ್ನುವುದು ಸರ್ವರ್ ಮಾಡುವ ತಾಂತ್ರಿಕ ತಪಾಸಣೆ. ಈ ಕೀಲಿ ಈ ಹಾರ್ಡ್‌ವೇರ್‌ಗೆ ಹೊಂದುತ್ತದೆಯೇ ಎಂದಷ್ಟೇ ಅದು ನೋಡುತ್ತದೆ. ಇಮೇಜ್ ಯಾವ ಮೀಡಿಯಾದಿಂದ ಬಂತು, ನಕಲು ಮಾಡಲು ನಿಮಗೆ ಅನುಮತಿ ಇತ್ತೇ ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಆಡಿಟ್‌ನಲ್ಲಿ ಕೇಳುವುದು ಒಪ್ಪಂದ, ಬಿಲ್ಲು, ಮಷಿನ್‌ವಾರು ಪಟ್ಟಿ. ಪರದೆಯ ಮೇಲೆ "ಆಕ್ಟಿವೇಟ್ ಆಗಿದೆ" ಎಂದಿರುವುದನ್ನು ದಾಖಲೆ ಎಂದು ಯಾರೂ ಒಪ್ಪುವುದಿಲ್ಲ.

ಉಲ್ಟಾ ಉದಾಹರಣೆಯೂ ಇದೆ. ಲೈಸೆನ್ಸ್ ಪೂರ್ತಿ ಸರಿಯಿದ್ದು ಕೆಎಂಎಸ್ ಸರ್ವರ್ (ಆಫೀಸಿನ ಜಾಲದೊಳಗೇ ವಾಲ್ಯೂಮ್ ಆಕ್ಟಿವೇಷನ್ ಮಾಡುವ ಸರ್ವರ್) ಸಿಗದೆ ಮಷಿನ್ "ಆಕ್ಟಿವೇಟ್ ಆಗಿಲ್ಲ" ಎಂದು ತೋರಿಸುವುದು ಸಾಮಾನ್ಯ. ಎರಡನ್ನೂ ಬೇರೆಬೇರೆ ಕಾಲಂನಲ್ಲೇ ಬರೆದಿಡಬೇಕು.

ಪಟ್ಟಿಕಾರ

ಇಮೇಜ್ ಮಾತಿಗೆ ಮುಂಚೆ ಪಟ್ಟಿ. ಅಳಿಸಿದ ಮೇಲೆ ಈ ಮಾಹಿತಿಯಲ್ಲಿ ಅರ್ಧ ಮತ್ತೆ ಸಿಗುವುದಿಲ್ಲ.

ಪ್ರತಿ ಮಷಿನ್‌ನಲ್ಲೂ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು ಲೈಸೆನ್ಸ್ ವಿವರ ತೋರಿಸುವ ಎಸ್‌ಎಲ್‌ಎಂಜಿಆರ್ ಆದೇಶಕ್ಕೆ ಡಿಎಲ್ಐ ಸ್ವಿಚ್ ಕೊಟ್ಟು ಓಡಿಸಿ. ಬರುವ ಕಿಟಕಿಯ ಡಿಸ್ಕ್ರಿಪ್ಷನ್ ಸಾಲಿನ ಕೊನೆಯಲ್ಲಿ ಚಾನೆಲ್ ಇರುತ್ತದೆ: ಓಇಎಂ ಡಿಎಂ ಅಂದರೆ ಫರ್ಮ್‌ವೇರ್ ಕೀಲಿ, ರೀಟೇಲ್ ಅಂದರೆ ಬಿಡಿಯಾಗಿ ಕೊಂಡದ್ದು, ವಾಲ್ಯೂಮ್ ಮ್ಯಾಕ್ (ಇಂತಿಷ್ಟು ಸಲ ಆಕ್ಟಿವೇಟ್ ಮಾಡಲು ಬರುವ ಒಂದೇ ಕೀಲಿ) ಅಥವಾ ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಅಂದರೆ ವಾಲ್ಯೂಮ್ ಕೀಲಿ. ಅದರ ಕೆಳಗೆ ಕೀಲಿಯ ಕೊನೆಯ 5 ಅಕ್ಷರ. ಫರ್ಮ್‌ವೇರ್‌ನಲ್ಲಿರುವ ಪೂರ್ತಿ ಕೀಲಿ ಬೇಕಿದ್ದರೆ ಪವರ್‌ಶೆಲ್‌ನ ಗೆಟ್-ಸಿಮ್‌ಇನ್‌ಸ್ಟನ್ಸ್‌ನಲ್ಲಿ ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್ ಕ್ಲಾಸ್ ತೆಗೆದು ಓಎ3ಎಕ್ಸ್‌ಒರಿಜಿನಲ್‌ಪ್ರಾಡಕ್ಟ್‌ಕೀ ಎಂಬ ಗುಣವನ್ನು ಓದಿ. ಹಳೆಯ ಲೇಖನಗಳು ಇದಕ್ಕೆ ಡಬ್ಲ್ಯುಎಂಐಸಿ ಎಂಬ ಆದೇಶ ಹೇಳುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಕಡೆ ಅದು ಇರುವುದೇ ಇಲ್ಲ.

ಪಟ್ಟಿಯಲ್ಲಿ ಇರಬೇಕಾದ ಕಾಲಂಗಳು: ಮಷಿನ್‌ನ ಸೀರಿಯಲ್ ನಂಬರ್, ಮಾಡೆಲ್, ಎಡಿಷನ್, ಚಾನೆಲ್, ಕೊನೆಯ 5 ಅಕ್ಷರ, ಬಿಲ್ ನಂಬರ್, ಆಫೀಸಿನ ಬಗೆ ಮತ್ತು ಅದು ಯಾವ ಮೈಕ್ರೋಸಾಫ್ಟ್ ಖಾತೆಗೆ ಅಂಟಿದೆ, ಬೇರೆ ದುಡ್ಡಿನ ಸಾಫ್ಟ್‌ವೇರ್ ಏನಿದೆ.

ಈ ಕೊನೆಯ ಕಾಲಂ ಬಗ್ಗೆ ಒತ್ತಿ ಹೇಳುತ್ತೇನೆ. ವಿನ್ಯಾಸ, ಲೆಕ್ಕಪತ್ರ, ಪಿಡಿಎಫ್ ತಿದ್ದುವ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಮಷಿನ್‌ಗೆ ಕಟ್ಟಿಹಾಕಿದ ಲೈಸೆನ್ಸ್. ಡಿಸ್ಕ್ ಅಳಿಸುವ ಮುನ್ನ ಅದರೊಳಗೇ ಹೋಗಿ ಡೀಆಕ್ಟಿವೇಟ್ ಮಾಡಬೇಕು. ಮಾಡದೆ ಅಳಿಸಿದರೆ ತಯಾರಕರ ಸರ್ವರ್ ಕಣ್ಣಿಗೆ ಹಳೆಯ ಮಷಿನ್ ಇನ್ನೂ ಸೀಟು ಹಿಡಿದು ಕೂತಿರುತ್ತದೆ, ಹೊಸ ಇನ್‌ಸ್ಟಾಲ್‌ಗೆ "ಸೀಟು ಖಾಲಿ ಇಲ್ಲ" ಎಂಬ ಉತ್ತರ ಬರುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀಲಿಯನ್ನೂ ಆ ಹೊತ್ತಿಗೇ ತೆಗೆದಿಡಿ.

ಸಿಸ್‌ಪ್ರೆಪ್‌ಗಾರ

ಇಮೇಜ್ ಕಟ್ಟುವ ಭಾಗ ನನ್ನ ಪಾಲಿಗೆ.

ಯಾವುದೇ ಡೆಸ್ಕ್‌ಟಾಪ್ ಮೇಲೆ ಕಟ್ಟಬೇಡಿ, ಹೈಪರ್-ವಿ ವರ್ಚುಯಲ್ ಮಷಿನ್ (ವಿಂಡೋಸ್‌ನೊಳಗೆ ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಮೇಲೆ ಕಟ್ಟಿ. ಎರಡು ಲಾಭ: ಯಾವ ಕಂಪನಿಯ ಡ್ರೈವರ್ ಕಸವೂ ಒಳಗೆ ಸೇರುವುದಿಲ್ಲ, ಸಿಸ್‌ಪ್ರೆಪ್‌ಗೆ (ನಕಲಿಸುವ ಮುನ್ನ ಮಷಿನ್‌ನ ಸ್ವಂತ ಗುರುತು ಅಳಿಸುವ ವಿಂಡೋಸ್ ಉಪಕರಣ) ಮುಂಚೆ ಚೆಕ್‌ಪಾಯಿಂಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ತೆಗೆದಿಟ್ಟರೆ ಕೆಟ್ಟಾಗ ಹಿಂದಕ್ಕೆ ಹೋಗಬಹುದು. ಮುಂದಿನ ಬಾರಿ ಅಪ್‌ಡೇಟ್ ಸೇರಿಸಬೇಕಾದಾಗ ಆ ಚೆಕ್‌ಪಾಯಿಂಟ್‌ನಿಂದಲೇ ಶುರು ಮಾಡಿ. ಸಿಸ್‌ಪ್ರೆಪ್ ಆದ ಇಮೇಜನ್ನು ಎಬ್ಬಿಸಿ ಅದರ ಮೇಲೆಯೇ ಮತ್ತೆ ಸಿಸ್‌ಪ್ರೆಪ್ ಮಾಡುವ ಅಭ್ಯಾಸ ಬೇಡ.

ಮೊದಲಿಗೆ ವರ್ಚುಯಲ್ ಮಷಿನ್‌ನ ನೆಟ್‌ವರ್ಕ್ ಕಳಚಿ. ವಾಲ್ಯೂಮ್ ಐಎಸ್‌ಓದಿಂದ ಪ್ರೊ ಹಾಕಿ. ದೇಶ, ಭಾಷೆ ಕೇಳುವ ಮೊದಲ ಪರದೆ ಬಂದಾಗ ಏನನ್ನೂ ಒತ್ತದೆ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿ. ಮಷಿನ್ ರೀಸ್ಟಾರ್ಟ್ ಆಗಿ ಆಡಿಟ್ ಮೋಡ್‌ಗೆ (ಬಳಕೆದಾರನ ಖಾತೆ ಮಾಡುವ ಮೊದಲೇ ಸಜ್ಜು ಮಾಡುವ ಸ್ಥಿತಿ) ಬರುತ್ತದೆ, ಒಳಗಿರುವ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಲಾಗಿನ್ ಆಗಿರುತ್ತದೆ. ಸಿಸ್‌ಪ್ರೆಪ್‌ನ ಸಣ್ಣ ಕಿಟಕಿ ತೆರೆದಿರುತ್ತದೆ, ಸದ್ಯಕ್ಕೆ ಮುಚ್ಚಿ. ಅಪ್‌ಡೇಟ್‌ಗಳನ್ನು ಕಡತವಾಗಿ ತಂದು ಹಾಕಿ. ಎಲ್ಲರಿಗೂ ಬೇಕಾದ, ಲೈಸೆನ್ಸ್ ತಲೆನೋವಿಲ್ಲದ ಸಾಫ್ಟ್‌ವೇರ್ ಮಾತ್ರ ಸೇರಿಸಿ: ಬ್ರೌಸರ್, 7-ಜಿಪ್, ಫಾಂಟ್, ಪ್ರಿಂಟರ್ ಡ್ರೈವರ್. ಅದರಲ್ಲೂ ಫಾಂಟ್‌ಗೆ ಲೈಸೆನ್ಸ್ ಇದೆಯೇ ನೋಡಿ. ದುಡ್ಡಿನ ಫಾಂಟ್ ಒಂದನ್ನು ಇಮೇಜಿಗೆ ಸೇರಿಸಿದರೆ ಅದು ಒಮ್ಮೆಲೇ 32 ಕಡೆ ಹೋಗಿ ಕೂರುತ್ತದೆ.

ಕೊನೆಗೆ ಸಿಸ್‌ಪ್ರೆಪ್‌ಗೆ ಜನರಲೈಸ್ (ಗುರುತು ಅಳಿಸಲು), ಊಬಿ (ಮುಂದೆ ಮೊದಲ ಸೆಟಪ್ ಪರದೆ ಬರಲು), ಶಟ್‌ಡೌನ್ ಮೂರೂ ಸ್ವಿಚ್ ಕೊಡಿ. ಆರಿದ ಮೇಲೆ ಆ ಡಿಸ್ಕ್‌ನಿಂದ ಮತ್ತೆ ಬೂಟ್ ಆಗಲು ಬಿಡಬೇಡಿ. ಬೂಟ್ ಆದರೆ ಜನರಲೈಸ್ ಮಾಡಿದ್ದೆಲ್ಲ ವ್ಯರ್ಥ.

ಸಿಸ್‌ಪ್ರೆಪ್ ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಸ್ಟೋರ್ ಆಪ್‌ಗಳು. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಸಿಸ್‌ಪ್ರೆಪ್, ಪ್ಯಾಂಥರ್ ಫೋಲ್ಡರ್‌ಗೆ ಹೋಗಿ ಸೆಟಪ್‌ಆಕ್ಟ್ ಲಾಗ್ ತೆರೆದು ತಳದಿಂದ ಮೇಲಕ್ಕೆ ಓದಿ. ಒಂದು ಪ್ಯಾಕೇಜ್‌ನ ಉದ್ದ ಹೆಸರು, ಅದರ ಮುಂದೆ "ವಾಸ್ ಇನ್‌ಸ್ಟಾಲ್ಡ್ ಫಾರ್ ಎ ಯೂಸರ್, ಬಟ್ ನಾಟ್ ಪ್ರಾವಿಷನ್ಡ್ ಫಾರ್ ಆಲ್ ಯೂಸರ್ಸ್" ಎಂಬ ಸಾಲು ಸಿಗುತ್ತದೆ. ದೋಷ ಸಂಖ್ಯೆ 73ಸಿಎಫ್2 ಎಂದು ಮುಗಿಯುತ್ತದೆ. ಇಂಟರ್ನೆಟ್ ಸಿಕ್ಕಿದಾಗ ಸ್ಟೋರ್ ತಾನಾಗಿಯೇ ಆ ಆಪನ್ನು ಒಬ್ಬ ಬಳಕೆದಾರನಿಗೆ ಮಾತ್ರ ಹೊಸ ಆವೃತ್ತಿಗೆ ಏರಿಸಿರುತ್ತದೆ, ಎಲ್ಲರಿಗೂ ಎಂದಿಟ್ಟ ಪ್ರತಿ ಹಳೆಯದಾಗಿಯೇ ಉಳಿದಿರುತ್ತದೆ. ನೆಟ್‌ವರ್ಕ್ ಕಳಚಿ ಎಂದದ್ದು ಇದಕ್ಕೇ. ಬಿದ್ದ ಮೇಲೆ ಪವರ್‌ಶೆಲ್‌ನಲ್ಲಿ ರಿಮೂವ್-ಆಪ್‌ಎಕ್ಸ್‌ಪ್ಯಾಕೇಜ್‌ನಿಂದ ಆ ಹೆಸರಿನ ಪ್ಯಾಕೇಜ್ ತೆಗೆದು ಮತ್ತೆ ಓಡಿಸಿ. ಮುಂದಿನ ಸಲ ಇನ್ನೊಂದು ಹೆಸರು ಬಂದರೆ ಅದನ್ನೂ ತೆಗೆಯಿರಿ. ನಾಲ್ಕೈದಕ್ಕಿಂತ ಹೆಚ್ಚಾದರೆ ಚೆಕ್‌ಪಾಯಿಂಟ್‌ಗೆ ಹಿಂದಿರುಗುವುದೇ ಬೇಗ.

ಎರಡನೆಯದು ಬಿಟ್‌ಲಾಕರ್. ಸಿ ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ 80310039 ಎಂಬ ದೋಷ ಕೊಟ್ಟು ನಿಲ್ಲುತ್ತದೆ. ಬಿಟ್‌ಲಾಕರ್‌ನ ಮ್ಯಾನೇಜ್-ಬಿಡಿಇ ಆದೇಶಕ್ಕೆ ಆಫ್ ಸ್ವಿಚ್ ಕೊಟ್ಟು, ಡೀಕ್ರಿಪ್ಟ್ ಪೂರ್ತಿ ಆಗುವವರೆಗೆ ಕಾಯಬೇಕು.

ಹೊಸಕಡತ

ವಾಲ್ಯೂಮ್ ದಾರಿ ಅರ್ಥವಾಯಿತು. ಆದರೆ ಜನರಲೈಸ್ ಬಿಟ್ಟು ಕ್ಲೋನ್ ಮಾಡಿ ಹೆಸರು ಮಾತ್ರ ಬದಲಿಸಿದರೆ ಸಾಕು, ಎಸ್‌ಐಡಿ (ವಿಂಡೋಸ್ ಮಷಿನ್‌ಗೆ ಕೊಡುವ ಭದ್ರತಾ ಗುರುತು) ಒಂದೇ ಆದರೆ ತೊಂದರೆಯಿಲ್ಲ ಎಂದು ಎಷ್ಟೋ ಕಡೆ ಬರೆದಿದ್ದಾರೆ. ಅದು ಸರಿಯೇ?

ತಂತಿಜಾಲ

ಆ ಮಾತಿಗೆ ಒಂದು ಹಿನ್ನೆಲೆ ಇದೆ. 2009ರಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೋವಿಚ್, ಮಷಿನ್ ಎಸ್‌ಐಡಿ ಎರಡು ಕಡೆ ಒಂದೇ ಇದ್ದರೂ ಭದ್ರತೆಗೆ ಧಕ್ಕೆಯಿಲ್ಲ ಎಂದು ವಿವರಿಸಿ, ಎಸ್‌ಐಡಿ ಬದಲಿಸುವ ತಮ್ಮದೇ ನ್ಯೂಸಿಡ್ ಉಪಕರಣವನ್ನು ಕೈಬಿಟ್ಟರು. ಜನ ಅಷ್ಟನ್ನು ಮಾತ್ರ ನೆನಪಿಟ್ಟುಕೊಂಡರು. ಸಿಸ್‌ಪ್ರೆಪ್ ಬೇಕೇ ಬೇಕು ಎಂದು ಅವರು ಆಗಲೇ ಹೇಳಿದ್ದನ್ನು ಮರೆತರು.

ಈಗಂತೂ ಆ ವಾದಕ್ಕೆ ನೆಲೆಯೇ ಇಲ್ಲ. 2025ರ ಆಗಸ್ಟ್ 29 ಮತ್ತು ಅದರ ನಂತರದ ಅಪ್‌ಡೇಟ್ ಪಡೆದ ವಿಂಡೋಸ್ 11ರ 24ಎಚ್2, 25ಎಚ್2 ಮತ್ತು ವಿಂಡೋಸ್ ಸರ್ವರ್ 2025 ಎಸ್‌ಐಡಿಯನ್ನು ತಾಳೆ ನೋಡುತ್ತವೆ. ಒಂದೇ ಎಸ್‌ಐಡಿಯ ಎರಡು ಮಷಿನ್‌ಗಳ ನಡುವೆ ಕರ್ಬರೋಸ್ ಮತ್ತು ಎನ್‌ಟಿಎಲ್‌ಎಂ ದೃಢೀಕರಣ (ವಿಂಡೋಸ್ ಗುರುತು ಪರಿಶೀಲಿಸುವ ಎರಡು ಕ್ರಮ) ಸೋಲುತ್ತದೆ. ಹಂಚಿಕೊಂಡ ಫೋಲ್ಡರ್ ತೆರೆಯುವುದಿಲ್ಲ, ರಿಮೋಟ್ ಡೆಸ್ಕ್‌ಟಾಪ್ ಸರಿಯಾದ ಪಾಸ್‌ವರ್ಡನ್ನೂ ತಪ್ಪು ಎನ್ನುತ್ತದೆ. ಸಿಸ್ಟಮ್ ಲಾಗ್‌ನಲ್ಲಿ ಎಲ್‌ಎಸ್‌ಎ ಸರ್ವರ್ ಹೆಸರಲ್ಲಿ 6167 ಸಂಖ್ಯೆಯ ಘಟನೆ ಕಂಡರೆ ಇದೇ ಕಾಯಿಲೆ. ಗಟ್ಟಿ ಪರಿಹಾರ ಒಂದೇ: ಜನರಲೈಸ್ ಆದ ಇಮೇಜಿನಿಂದ ಮತ್ತೆ ಹಾಕುವುದು.

ಎಸ್‌ಐಡಿ ಮಾತ್ರವಲ್ಲ, ಕೆಎಂಎಸ್ ಲೆಕ್ಕವೂ ಕೆಡುತ್ತದೆ. ಪ್ರತಿ ಮಷಿನ್‌ಗೂ ಕ್ಲೈಂಟ್ ಮಷಿನ್ ಐಡಿ ಎಂಬುದೊಂದಿರುತ್ತದೆ, ಜನರಲೈಸ್ ಮಾಡಿದಾಗಲೇ ಅದು ಹೊಸದಾಗುವುದು. ಮಾಡದಿದ್ದರೆ 32 ಮಷಿನ್ ಕೇಳಿದರೂ ಕೆಎಂಎಸ್ ಸರ್ವರ್ ಒಂದೇ ಎಂದು ಎಣಿಸುತ್ತದೆ. ವಿಂಡೋಸ್ ಕ್ಲೈಂಟ್‌ಗೆ 25ರ ಎಣಿಕೆ ಮುಟ್ಟದೆ ಅದು ಯಾರಿಗೂ ಆಕ್ಟಿವೇಷನ್ ಕೊಡುವುದಿಲ್ಲ.

ಇನ್ನು ಸಿಸ್‌ಪ್ರೆಪ್ ಕೂಡ ಮುಟ್ಟದ ಗುರುತುಗಳಿವೆ. ಆಂಟಿವೈರಸ್, ರಿಮೋಟ್ ನಿರ್ವಹಣೆ, ಬ್ಯಾಕಪ್ ಏಜೆಂಟ್‌ಗಳು ಇನ್‌ಸ್ಟಾಲ್ ಆದಾಗ ತಮ್ಮದೇ ಐಡಿ ಹುಟ್ಟಿಸಿಕೊಳ್ಳುತ್ತವೆ. ಇಮೇಜಿನೊಳಗೆ ಸೇರಿಸಿದರೆ ಕನ್ಸೋಲ್‌ನಲ್ಲಿ 32ರ ಬದಲು ಒಂದೇ ಮಷಿನ್, ನಿಮಿಷಕ್ಕೊಮ್ಮೆ ಹೆಸರು ಬದಲಿಸುತ್ತಾ ಕಾಣುತ್ತದೆ. ಡಬ್ಲ್ಯುಎಸ್‌ಯುಎಸ್ (ಆಫೀಸಿನ ಸ್ವಂತ ಅಪ್‌ಡೇಟ್ ಸರ್ವರ್) ಬಳಸುವವರು ರಿಜಿಸ್ಟ್ರಿಯ ವಿಂಡೋಸ್‌ಅಪ್‌ಡೇಟ್ ಕೀಲಿಯಡಿ ಸಸ್‌ಕ್ಲೈಂಟ್‌ಐಡಿ ಮತ್ತು ಸಸ್‌ಕ್ಲೈಂಟ್‌ಐಡಿವ್ಯಾಲಿಡೇಷನ್ ಎಂಬ ಎರಡು ಮೌಲ್ಯ ಅಳಿಸಿಯೇ ಇಮೇಜ್ ತೆಗೆಯಬೇಕು. ಏಜೆಂಟ್‌ಗಳನ್ನು ಇಮೇಜ್ ಇಳಿದ ಮೇಲೆ ಸ್ಕ್ರಿಪ್ಟ್‌ನಿಂದ ಹಾಕಿ. ಹಾಗೆಯೇ ಇಮೇಜ್ ತೆಗೆಯುವ ಮುನ್ನ ಡೊಮೈನ್‌ಗೆ ಸೇರಿಸಲೇಬೇಡಿ.

ಡಿಸ್ಕ್‌ಪಾರ್ಟ್

ಇಮೇಜ್ ತೆಗೆಯೋಕೆ ಕ್ಲೋನ್‌ಝಿಲ್ಲಾ ಚೆನ್ನಾಗಿದೆ, ಉಚಿತ ಕೂಡ. ಆದ್ರೆ ಎರಡು ಬಗೆಯ ಹಾರ್ಡ್‌ವೇರ್ ಇರೋ ಕಡೆ ವಿಂಡೋಸ್‌ನದೇ ಇಮೇಜ್ ರೂಪವಾದ ವಿಮ್ ಕಡತ ಹೆಚ್ಚು ಅನುಕೂಲ. ಕ್ಲೋನ್‌ಝಿಲ್ಲಾ ಮೂಲ ಡಿಸ್ಕಿನ ಪಾರ್ಟಿಷನ್ ಅಳತೆಯನ್ನೇ ಹಿಡಿದಿರತ್ತೆ. 512 ಜಿಬಿಯಿಂದ ತೆಗೆದದ್ದು 500 ಜಿಬಿ ಎಸ್‌ಎಸ್‌ಡಿಗೆ ನೇರವಾಗಿ ಇಳಿಯಲ್ಲ. ವಿಮ್ ಕಡತಗಳ ಮಟ್ಟದಲ್ಲಿ ಇರೋದ್ರಿಂದ ಈ ತಕರಾರಿಲ್ಲ.

ವಿಂಡೋಸ್ ಪಿಇ (ಇನ್‌ಸ್ಟಾಲ್ ಕೆಲಸಕ್ಕಿರೋ ಪುಟ್ಟ ವಿಂಡೋಸ್) ಇರೋ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಮೇಜ್ ತೆಗೆದು ಇಳಿಸೋ ಆದೇಶ ಡಿಸ್ಮ್‌ನ ಕ್ಯಾಪ್ಚರ್-ಇಮೇಜ್ ಕೊಡಿ, ಕಂಪ್ರೆಸ್ ಮ್ಯಾಕ್ಸ್ ಹಾಕಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ರೆ 4 ಜಿಬಿ ಮೀರಿದ ಕಡತ ಹಿಡಿಯಲ್ಲ. ಆಗ ಸ್ಪ್ಲಿಟ್-ಇಮೇಜ್‌ನಲ್ಲಿ ಫೈಲ್‌ಸೈಜ್ 4000 ಅಂತ ಕೊಟ್ಟು ತುಂಡು ಮಾಡಬಹುದು, ಅಥವಾ ಪೆನ್‌ಡ್ರೈವಲ್ಲೇ ಎರಡು ಪಾರ್ಟಿಷನ್ ಮಾಡಿ, ಬೂಟ್‌ಗೆ ಫ್ಯಾಟ್32, ಇಮೇಜ್‌ಗೆ ಎನ್‌ಟಿಎಫ್‌ಎಸ್.

ಗುರಿ ಮಷಿನ್‌ನಲ್ಲಿ ಡಿಸ್ಕ್‌ಪಾರ್ಟ್ ಸ್ಕ್ರಿಪ್ಟ್: ಕ್ಲೀನ್, ಕನ್ವರ್ಟ್ ಜಿಪಿಟಿ, 260 ಎಂಬಿ ಇಎಫ್ಐ (ಬೂಟ್ ಪಾರ್ಟಿಷನ್), 16 ಎಂಬಿ ಎಂಎಸ್ಆರ್ (ವಿಂಡೋಸ್ ಕಾದಿರಿಸೋ ಜಾಗ), ವಿಂಡೋಸ್, ಅದರ ಬೆನ್ನಿಗೇ ರಿಕವರಿ. ರಿಕವರಿಗೆ 1 ಜಿಬಿ ಬಿಡಿ. 2024ರ ಜನವರಿಯಲ್ಲಿ ಬಂದ ರಿಕವರಿ ಅಪ್‌ಡೇಟ್‌ಗೆ ಆ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಇಕ್ಕಟ್ಟಾಗಿ ಮಾಡಿಟ್ಟ ಕಡೆಯೆಲ್ಲ ಬಿದ್ದುಹೋಯ್ತು. ಆಮೇಲೆ ಅಪ್ಲೈ-ಇಮೇಜ್, ಕೊನೆಗೆ ಬೂಟ್ ಕಡತ ಬರೆಯೋ ಬಿಸಿಡಿಬೂಟ್. ಬಿಸಿಡಿಬೂಟ್ ಮರೆತರೆ ಇಮೇಜ್ ಪೂರ್ತಿ ಇಳಿದಿದ್ರೂ ಮಷಿನ್ ಬೂಟ್ ಸಾಧನವೇ ಇಲ್ಲ ಅನ್ನತ್ತೆ.

ಡ್ರೈವರ್ ವಿಷಯ. ಅಳಿಸೋ ಮುಂಚೆ ಪ್ರತಿ ಮಾಡೆಲ್‌ನ ಒಂದು ಮಷಿನ್‌ನಿಂದ ಡಿಸ್ಮ್‌ಗೆ ಆನ್‌ಲೈನ್, ಎಕ್ಸ್‌ಪೋರ್ಟ್-ಡ್ರೈವರ್ ಕೊಟ್ಟು ಡ್ರೈವರ್ ತೆಗೆದಿಡಿ, ಮಾಡೆಲ್ ಹೆಸರಿನ ಫೋಲ್ಡರ್‌ನಲ್ಲಿ. ಇಮೇಜ್ ಇಳಿಸಿದ ಮೇಲೆ, ಬೂಟ್ ಮಾಡೋ ಮುನ್ನ ಆಡ್-ಡ್ರೈವರ್, ರಿಕರ್ಸ್ ಕೊಟ್ಟು ಸೇರಿಸಿ. ಇಂಟೆಲ್ ವಿಎಂಡಿ (ಎಸ್‌ಎಸ್‌ಡಿ ನಿಭಾಯಿಸೋ ಇಂಟೆಲ್ ವ್ಯವಸ್ಥೆ) ಆನ್ ಇರೋ ಲ್ಯಾಪ್‌ಟಾಪ್‌ಗಳಲ್ಲಿ ಪಿಇಗೆ ಡಿಸ್ಕೇ ಕಾಣಲ್ಲ. ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡೋ ಬದಲು ಆ ಸ್ಟೋರೇಜ್ ಡ್ರೈವರನ್ನ ಪಿಇಯ ಬೂಟ್ ವಿಮ್ ಒಳಗೇ ಸೇರಿಸಿ. ಆಫ್ ಮಾಡಿ ಇಳಿಸಿದ ಮೇಲೆ ಯಾರೋ ಬಯಾಸ್ ರೀಸೆಟ್ ಮಾಡಿದ್ರೆ ಮಷಿನ್ ಬೂಟ್ ಆಗದೆ ನೀಲಿ ಪರದೆಗೆ ಬರತ್ತೆ.

ತಂತಿಜಾಲ

ವೇಗದ ಲೆಕ್ಕ ಸೇರಿಸುತ್ತೇನೆ. ಇಮೇಜ್ 18 ಜಿಬಿ ಎಂದುಕೊಳ್ಳಿ. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ, ಅಂದರೆ ಒಂದಕ್ಕೆ ಮೂರು ನಿಮಿಷದ ಆಸುಪಾಸು. 32 ಮಷಿನ್ ಒಟ್ಟಿಗೆ ಎಳೆದರೂ ಸರ್ವರ್‌ನ ತಂತಿ ಒಂದೇ, ಒಟ್ಟು ಒಂದೂವರೆ ಗಂಟೆ. ತೊಂದರೆಯಾಗುವುದು ನಾಲ್ಕು ಜೊತೆ ತಂತಿಯಲ್ಲಿ ಒಂದು ಕಿತ್ತು 100 ಮೆಗಾಬಿಟ್‌ಗೆ ಇಳಿದಿರುವ ಕೇಬಲ್‌ನಿಂದ: ಅದೇ ಇಮೇಜ್‌ಗೆ 26 ನಿಮಿಷ. ಮಲ್ಟಿಕಾಸ್ಟ್ (ಒಂದೇ ಹರಿವನ್ನು ಎಲ್ಲರಿಗೂ ಒಟ್ಟಿಗೆ ಕಳಿಸುವುದು) ಮಾಡಿದರೆ ಎಲ್ಲರೂ ಆ ಒಂದು ಮಷಿನ್‌ನ ವೇಗಕ್ಕೇ ಇಳಿಯುತ್ತಾರೆ. ಶುರು ಮಾಡುವ ಮುನ್ನ ಸ್ವಿಚ್‌ನಲ್ಲಿ ಪ್ರತಿ ಪೋರ್ಟ್‌ನ ಲಿಂಕ್ ವೇಗ ನೋಡಿ.

32ಕ್ಕೆ ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ವ್ಯವಸ್ಥೆ) ಕಟ್ಟುವ ಶ್ರಮ ಬೇಡ ಎನಿಸಿದರೆ ನಾಲ್ಕು ಯುಎಸ್‌ಬಿ ಎಸ್‌ಎಸ್‌ಡಿ ಸಾಕು. ಪಿಎಕ್ಸ್‌ಇ ಮಾಡುವುದೇ ಆದರೆ ವಿಂಡೋಸ್ 11 ಐಎಸ್‌ಓದ ಬೂಟ್ ವಿಮ್ ಇಟ್ಟು ವಿಂಡೋಸ್ ಸರ್ವರ್‌ನ ನೆಟ್‌ವರ್ಕ್ ಇನ್‌ಸ್ಟಾಲ್ ಸೇವೆ ಡಬ್ಲ್ಯುಡಿಎಸ್‌ನ ಹಳೆಯ ಕ್ರಮದಲ್ಲಿ ಇನ್‌ಸ್ಟಾಲ್ ಮಾಡಲು ಬರುವುದಿಲ್ಲ, ಅದನ್ನು ನಿಲ್ಲಿಸಿದ್ದಾರೆ. ಸ್ವಂತ ಪಿಇ ಇಮೇಜನ್ನು ಬೂಟ್ ಮಾಡಿಸಲು ಮಾತ್ರ ಅದು ಬಳಕೆಗೆ ಬರುತ್ತದೆ. ವಿಂಡೋಸ್ ಇಳಿಸುವ ಮೈಕ್ರೋಸಾಫ್ಟ್ ಉಪಕರಣ ಎಂಡಿಟಿಯ ಕೊನೆಯ ಆವೃತ್ತಿ 8456 ಬಂದದ್ದು 2019ರಲ್ಲಿ, ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲವಿಲ್ಲ. ಹೊಸದಾಗಿ ಅದರ ಮೇಲೆ ಮನೆ ಕಟ್ಟಬೇಡಿ.

ಪಟ್ಟಿಕಾರ

ಆಫೀಸ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿಯೇ ಹೆಚ್ಚು ತಪ್ಪಾಗುವುದು.

ಹೋಮ್ ಅಂಡ್ ಬಿಸಿನೆಸ್ ವಾಲ್ಯೂಮ್‌ನಲ್ಲಿ ಸಿಗುವುದಿಲ್ಲ. ಆದ್ದರಿಂದ ಅದಕ್ಕೆ ರೀಇಮೇಜಿಂಗ್ ಹಕ್ಕು ಅನ್ವಯಿಸುವುದಿಲ್ಲ, ವಾಲ್ಯೂಮ್ ಆಫೀಸ್ ಇಮೇಜ್ ಅದರ ಬದಲಿಯೂ ಅಲ್ಲ. ಆ 12ನ್ನು ಇಮೇಜಿನಿಂದ ಹೊರಗಿಟ್ಟು, ಮಷಿನ್ ಎದ್ದ ಮೇಲೆ ಪಟ್ಟಿಯಲ್ಲಿರುವ ಆಯಾ ಖಾತೆಯಿಂದ ಲಾಗಿನ್ ಆಗಿ ಒಂದೊಂದಾಗಿ ಹಾಕಬೇಕು. ಖಾತೆ ಯಾವುದು ಎಂದು ಅಳಿಸುವ ಮುನ್ನವೇ ಬರೆದುಕೊಳ್ಳಿ ಎಂದದ್ದು ಇದಕ್ಕೆ.

ಮೈಕ್ರೋಸಾಫ್ಟ್ 365 ವ್ಯಕ್ತಿಗೆ ಅಂಟಿದ ಲೈಸೆನ್ಸ್, ಒಬ್ಬರಿಗೆ 5 ಕಂಪ್ಯೂಟರ್‌ವರೆಗೆ. ಅದನ್ನು ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್‌ನಿಂದ ಇಮೇಜಿನಲ್ಲಿ ಹಾಕಬಹುದು, ಆದರೆ ಯಾವ ಆಪನ್ನೂ ತೆರೆಯಬಾರದು, ಲಾಗಿನ್ ಆಗಬಾರದು. ಒಮ್ಮೆ ವರ್ಡ್ ತೆರೆದು ಲಾಗಿನ್ ಆಗಿ ಇಮೇಜ್ ತೆಗೆದರೆ ಆ ಗುರುತಿನ ಚೂರುಗಳು ಎಲ್ಲ ಕಡೆ ಹೋಗುತ್ತವೆ. ಇಲ್ಲಿ 20 ಜನಕ್ಕೆ ಮಾತ್ರ ಇರುವುದರಿಂದ ಇಮೇಜಿಗೆ ಹಾಕದೆ, ಡಿಪ್ಲಾಯ್‌ಮೆಂಟ್ ಟೂಲ್‌ನಿಂದ ಕಡತಗಳನ್ನು ಸರ್ವರ್‌ಗೆ ಒಮ್ಮೆ ಇಳಿಸಿ, ಬೇಕಾದ 20ಕ್ಕೆ ಅಲ್ಲಿಂದ ಹಾಕುವುದು ವಾಸಿ.

ಬೂಟ್‌ಮೆನು

ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ, ಆದ್ರೆ ಬೇರೆ ದಿಕ್ಕಿಗೆ. 32ಕ್ಕೆ ಇಮೇಜೇ ಬೇಕಾ? ತಯಾರಕರ ರಿಕವರಿಯಿಂದ ಪ್ರತಿ ಮಷಿನ್ ಅದರದೇ ಓಇಎಂ ವಿಂಡೋಸ್‌ಗೆ ಮರಳಲಿ, ಅಲ್ಲಿ ನಕಲಿನ ಪ್ರಶ್ನೆಯೇ ಬರಲ್ಲ. ಆಮೇಲೆ ವಿಂಡೋಸ್ ಕಾನ್ಫಿಗರೇಷನ್ ಡಿಸೈನರ್‌ನಲ್ಲಿ ಮಾಡಿದ ಪ್ರಾವಿಷನಿಂಗ್ ಪ್ಯಾಕೇಜ್ ಪೆನ್‌ಡ್ರೈವಲ್ಲಿಟ್ಟು ಮೊದಲ ಪರದೆಯಲ್ಲಿ ಚುಚ್ಚಿದ್ರೆ ಹೆಸರು, ಡೊಮೈನ್, ಸಾಫ್ಟ್‌ವೇರ್ ಎಲ್ಲ ಆಗತ್ತೆ. ತಾನಾಗಿ ಹಿಡೀಲಿಲ್ಲ ಅಂದ್ರೆ ಕೀಬೋರ್ಡಿನ ವಿಂಡೋಸ್ ಗುಂಡಿಯನ್ನ 5 ಸಲ ಒತ್ತಬೇಕು. ತಯಾರಕರು ತುಂಬಿದ ಬೇಡದ ಸಾಫ್ಟ್‌ವೇರ್ ತೆಗೆಯೋ ಆಯ್ಕೆಯೂ ಅದರಲ್ಲಿದೆ.

ಸಿಸ್‌ಪ್ರೆಪ್‌ಗಾರ

ಒಪ್ಪುತ್ತೇನೆ. ವಾಲ್ಯೂಮ್ ಒಪ್ಪಂದ ಇಲ್ಲದ ಕಡೆ ಅದೇ ಸರಿಯಾದ ದಾರಿ. ಎರಡು ಎಚ್ಚರಿಕೆ: ಡೊಮೈನ್‌ಗೆ ಸೇರಿಸುವ ಖಾತೆಯ ಪಾಸ್‌ವರ್ಡ್ ಪ್ಯಾಕೇಜ್ ಒಳಗೇ ಇರುತ್ತದೆ, ಆದ್ದರಿಂದ ಪ್ಯಾಕೇಜನ್ನು ಎನ್‌ಕ್ರಿಪ್ಟ್ ಮಾಡಿ, ಸೇರಿಸುವುದಷ್ಟೇ ಅಧಿಕಾರ ಇರುವ ಪ್ರತ್ಯೇಕ ಖಾತೆ ಬಳಸಿ, ಕೆಲಸ ಮುಗಿದ ದಿನವೇ ಮುಚ್ಚಿ. ಹೆಸರಿನಲ್ಲಿ ಸೀರಿಯಲ್ ನಂಬರ್ ಸೇರಿಸುವಾಗ ಒಟ್ಟು 15 ಅಕ್ಷರ ಮೀರದ ಹಾಗೆ ನೋಡಿ.

ಇಮೇಜ್ ಗೆಲ್ಲುವುದು ಎಲ್ಲಿ ಅಂದರೆ, ಪದೇಪದೇ ಅಳಿಸಿ ಹಾಕಬೇಕಾದ ಕಡೆ, ಭಾರಿ ಸಾಫ್ಟ್‌ವೇರ್ ಇರುವ ಕಡೆ. ಒಂದೇ ಸಲದ ಕೆಲಸಕ್ಕೆ ಪ್ಯಾಕೇಜ್ ಸಾಕು.

ಹೊಸಕಡತ

ವರ್ಷಕ್ಕೆ ಎರಡು ಸಲ ಅಳಿಸಿ ಹಾಕುವ ಯೋಜನೆ ಇರುವುದರಿಂದ ವಾಲ್ಯೂಮ್ ದಾರಿಯನ್ನೇ ಹಿಡಿಯುತ್ತೇವೆ, 5 ಹೋಮ್‌ಗೂ ಪ್ರೊ ಕೊಳ್ಳುತ್ತೇವೆ. ಮ್ಯಾಕ್ ಕೀಲಿ ಒಳ್ಳೆಯದೋ ಕೆಎಂಎಸ್ಸೋ? ಪ್ರತಿ ಸಲ ಅಳಿಸಿದಾಗ ಮ್ಯಾಕ್ ಎಣಿಕೆ ಖರ್ಚಾಗುತ್ತದಲ್ಲ?

ಕೀಲಿಗೊಂಚಲು

ಖರ್ಚಾಗುತ್ತದೆ. ಅದಕ್ಕೆ ವಿಎಎಂಟಿ (ವಾಲ್ಯೂಮ್ ಆಕ್ಟಿವೇಷನ್ ನಿರ್ವಹಿಸುವ ಉಪಕರಣ) ಇದೆ, ಮೈಕ್ರೋಸಾಫ್ಟ್‌ನ ಎಡಿಕೆ ಎಂಬ ಉಪಕರಣಗಳ ಕಟ್ಟಿನ ಜೊತೆ ಉಚಿತವಾಗಿ ಬರುತ್ತದೆ. ಅದರಿಂದ ಪ್ರಾಕ್ಸಿ ಆಕ್ಟಿವೇಷನ್ ಮಾಡಿದರೆ ಪ್ರತಿ ಮಷಿನ್‌ನ ಕನ್ಫರ್ಮೇಷನ್ ಐಡಿ ಅದರ ದತ್ತಸಂಚಯದಲ್ಲಿ ಉಳಿಯುತ್ತದೆ. ಅದೇ ಹಾರ್ಡ್‌ವೇರ್‌ಗೆ ಮತ್ತೆ ಇಮೇಜ್ ಹಾಕಿದಾಗ ಉಳಿಸಿಟ್ಟ ಐಡಿಯನ್ನೇ ಮತ್ತೆ ಕೊಡಬಹುದು, ಎಣಿಕೆ ಕಡಿಮೆಯಾಗುವುದಿಲ್ಲ. ಮ್ಯಾಕ್ ಕೀಲಿಯನ್ನು ಮಾತ್ರ ಇಮೇಜಿನೊಳಗೆ ಎಂದೂ ಇಡಬೇಡಿ. ಇಮೇಜ್ ಕಡತ ಯಾರ ಕೈಗೆ ಸಿಕ್ಕರೂ ಕೀಲಿ ಅವರದಾಗುತ್ತದೆ.

ಆದರೆ ನಿಮ್ಮಲ್ಲಿ ಡೊಮೈನ್ ಇದೆ. ಆಕ್ಟಿವ್ ಡೈರೆಕ್ಟರಿ (ಡೊಮೈನ್‌ನ ಖಾತೆ, ಮಷಿನ್‌ಗಳ ದಾಖಲೆ) ಆಧಾರಿತ ಆಕ್ಟಿವೇಷನ್ ಎಲ್ಲಕ್ಕಿಂತ ಹಗುರ. 25ರ ಮಿತಿ ಇಲ್ಲ, ಕೆಎಂಎಸ್‌ಗೆ ಬೇಕಾದ 1688 ಪೋರ್ಟ್ ತೆರೆಯುವ ಕೆಲಸವಿಲ್ಲ. ಡೊಮೈನ್ ಸೇರಿದ ಮಷಿನ್ ತಾನಾಗಿ ಆಕ್ಟಿವೇಟ್ ಆಗುತ್ತದೆ. ಕೆಎಂಎಸ್‌ನಂತೆ ಇಲ್ಲೂ 180 ದಿನದ ಅವಧಿ, ಡೊಮೈನ್ ಸಂಪರ್ಕದಲ್ಲಿದ್ದರೆ ಅದೇ ನವೀಕರಿಸಿಕೊಳ್ಳುತ್ತದೆ. ಆರು ತಿಂಗಳು ಆಫೀಸಿನ ಜಾಲಕ್ಕೆ ಬಾರದ ಲ್ಯಾಪ್‌ಟಾಪ್ ಇದ್ದರೆ ಅದಕ್ಕೊಂದಕ್ಕೆ ಮ್ಯಾಕ್ ಕೊಡಿ. ಮಷಿನ್ ಕೈಬಿಟ್ಟಾಗ ಪಟ್ಟಿಯಿಂದ ಆ ಸಾಲು ಹೊಡೆದುಹಾಕಿ: ಓಇಎಂ ಹಕ್ಕು ಆ ಮಷಿನ್ ಜೊತೆಯೇ ಮುಗಿಯಿತು, ಬದಲಿಗೆ ಬಂದ ಹೊಸ ಮಷಿನ್‌ಗೆ ಅದರದೇ ಪ್ರೊ ಬೇಕು.

ಸಿಸ್‌ಪ್ರೆಪ್‌ಗಾರ

ಇಳಿಸುವ ಮುನ್ನ, ಸೆಟಪ್ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದಿಡುವ ಅನ್‌ಅಟೆಂಡ್ ಕಡತದ ಬಗ್ಗೆ ಒಂದು ಮಾತು. ಅದರಲ್ಲಿ ಸ್ಥಳೀಯ ಅಡ್ಮಿನ್ ಪಾಸ್‌ವರ್ಡ್, ಡೊಮೈನ್ ಪಾಸ್‌ವರ್ಡ್ ಇರುತ್ತದೆ, ಇನ್‌ಸ್ಟಾಲ್ ಆದ ಮೇಲೆ ಅದರ ಪ್ರತಿ ವಿಂಡೋಸ್ ಫೋಲ್ಡರಿನ ಪ್ಯಾಂಥರ್‌ನಲ್ಲಿ ಉಳಿಯುತ್ತದೆ. ಅಳಿಸಲು ಸೆಟಪ್‌ಕಂಪ್ಲೀಟ್ ಸ್ಕ್ರಿಪ್ಟ್ ಬಳಸಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಓಇಎಂ ಕೀಲಿ ಇರುವ ಪ್ರೊ ಮೇಲೆ ಆ ಸ್ಕ್ರಿಪ್ಟ್ ಓಡುವುದೇ ಇಲ್ಲ, ದೋಷವನ್ನೂ ತೋರಿಸುವುದಿಲ್ಲ. ಅದನ್ನು ನೆಚ್ಚದೆ ಅಳಿಸುವ ಕೆಲಸವನ್ನು ಅನ್‌ಅಟೆಂಡ್‌ನ ಫಸ್ಟ್‌ಲಾಗಾನ್‌ಕಮಾಂಡ್ಸ್‌ನಲ್ಲಿ, ಎಲ್ಲಕ್ಕೂ ಕೊನೆಯ ಆದೇಶವಾಗಿ ಇಡಿ.

ಮೊದಲು ಒಂದು ಡೆಸ್ಕ್‌ಟಾಪ್, ಒಂದು ಪ್ರೊ ಲ್ಯಾಪ್‌ಟಾಪ್, ಹೋಮ್‌ನಿಂದ ಏರಿಸಿದ ಒಂದು ಲ್ಯಾಪ್‌ಟಾಪ್, ಈ ಮೂರಕ್ಕೆ ಇಳಿಸಿ ಎರಡು ದಿನ ಬಳಕೆಗೆ ಬಿಡಿ. ಮೂರರಲ್ಲೂ ಡಿಎಲ್ಐ ಓಡಿಸಿ ಚಾನೆಲ್ ವಾಲ್ಯೂಮ್ ಎಂದು ತೋರಿಸುತ್ತಿದೆಯೇ, ಪ್ಯಾಂಥರ್‌ನಲ್ಲಿ ಅನ್‌ಅಟೆಂಡ್ ಉಳಿದಿಲ್ಲವೇ, ಒಂದರಿಂದ ಇನ್ನೊಂದರ ಹಂಚಿಕೆಯ ಫೋಲ್ಡರ್ ತೆರೆಯುತ್ತದೆಯೇ ನೋಡಿ. ಅದು ಸರಿಬಂದ ಮೇಲೆ ಉಳಿದ 29.